ಇಫ್ತಾರ್ ಹೊತ್ತಿಗೆ ಮುಗಿಯುವ ಮೆಮೊರಿ

ಆ ಸಂಜೆಯೂ ಸರ್ವರ್ ಬಿತ್ತು. ಫೋನಿನ ಪರದೆಯ ಮೇಲೆ ಅದೇ ಸಾಲು: ಮೆಮೊರಿ ಸಿಗುತ್ತಿಲ್ಲ.

ಟ್ಯೂನಿಸ್, ಸ್ಫಾಕ್ಸ್ ಆಸ್ಪತ್ರೆಗಳ ಸ್ಕ್ಯಾನ್ ಚಿತ್ರಗಳು ತುಂಡುತುಂಡಾಗಿ ಹಲವು ಮೆಷಿನ್‌ಗಳಲ್ಲಿರುತ್ತವೆ. ಯಾವ ತುಂಡು ಎಲ್ಲಿದೆ ಎಂದು ಬಲ್ಲದ್ದು ನಮ್ಮ ಕಚೇರಿಯ ಈ ಮುಖ್ಯ ಸರ್ವರ್ ಮಾತ್ರ. ಅದು ಬಿದ್ದರೆ ಒಂದು ಚಿತ್ರವೂ ತೆರೆಯದು.

ರಂಜಾನ್ ಶುರುವಾದಾಗಿನಿಂದ ಹೀಗೆ. ಹಳೆಯ ಫೈಲ್‌ಗಳನ್ನು ಗುಡಿಸಿಹಾಕಲು ನಾನು ಬರೆದ ಪ್ರೋಗ್ರಾಂ ಪಡೆದ ಮೆಮೊರಿಯನ್ನು ವಾಪಸ್ ಕೊಡುತ್ತಿಲ್ಲವೇನೋ ಎಂದು ಮೊದಲು ಅನುಮಾನಿಸಿದ್ದು ದಲಂದಾ ಅಕ್ಕ, ಅದೂ ಮರುಕದಿಂದ. ನನಗೆ ಕೆಲಸ ಕಲಿಸಿದವಳೇ ಅವಳು. ಸಂಜೆಗಳಲ್ಲಿ, "ನೀನು ಹೋಗೇ, ಅಮ್ಮನ ಜೊತೆ ಉಪವಾಸ ಬಿಡು. ಇಲ್ಲಿ ನಾನಿರ್ತೀನಿ" ಎಂದು ನನ್ನನ್ನು ಕಳಿಸುತ್ತಿದ್ದವಳೂ ಅವಳೇ.

ಮುಖ್ಯಸ್ಥರಾದ ಸಿ ಖಮೈಸ್ ಮಾತ್ರ ಮರುಕ ತೋರಲಿಲ್ಲ. "ಹಬ್ಬದೊಳಗೆ ಸರಿಹೋಗದಿದ್ರೆ ನಿನ್ನನ್ನ ಇಟ್ಕೊಳ್ಳೋಕಾಗಲ್ಲ, ರಿಹಾಬ್."

*

ನನ್ನ ಪ್ರೋಗ್ರಾಂ ನಿಲ್ಲಿಸಿದೆ. ಆದರೂ ಸರ್ವರ್ ಬಿತ್ತು. ಯಾರಿಗೂ ಹೇಳಲಿಲ್ಲ.

ದಾಖಲೆ ತೆಗೆದು ನೋಡಿದೆ. ಬೀಳುವ ಹೊತ್ತಿಗೆ ಎಲ್ಲ ಪ್ರೋಗ್ರಾಂಗಳ ಬಳಕೆ ಕೂಡಿಸಿದರೂ ಅರ್ಧ ಮೆಮೊರಿ ಲೆಕ್ಕಕ್ಕೆ ಸಿಗದು. ಇನ್ನೊಂದು ವಿಚಿತ್ರ: ಬೀಳುವ ಗಳಿಗೆ ದಿನದಿನಕ್ಕೂ ಚೂರು ತಡವಾಗುತ್ತಿತ್ತು, ಸೂರ್ಯಾಸ್ತದ ಹಾಗೆ. ಮೆಷಿನ್‌ಗೆ ಗಡಿಯಾರ ಗೊತ್ತು, ಇಫ್ತಾರ್ ಗೊತ್ತಿಲ್ಲ. ಇದು ಮನುಷ್ಯರ ಕೈ. ಎಲ್ಲರೂ ಊಟಕ್ಕೆದ್ದ ಮೇಲೆ ಉಳಿಯುವ ಕೈ.

ಆ ಯೋಚನೆ ಬಂದದ್ದಕ್ಕೇ ನನಗೆ ನಾಚಿಕೆಯಾಯಿತು. ಮರುದಿನ ಅಕ್ಕನನ್ನು ಇಫ್ತಾರ್‌ಗೆ ಮನೆಗೆ ಕರೆದೆ.

ಅಮ್ಮ ಮೊಟ್ಟೆ ತುಂಬಿ ಕರಿದ ಬ್ರೀಕ್ ಕಚ್ಚುತ್ತ, ಮೊಟ್ಟೆಯ ಹಳದಿ ಗಲ್ಲಕ್ಕಿಳಿದಾಗ ಅಕ್ಕ ನಕ್ಕಳು. ನಾನು ಮಡಿಲಲ್ಲಿ ಫೋನ್ ಇಟ್ಟುಕೊಂಡು ಕಾಯುತ್ತಿದ್ದೆ. ಬೀಳಲಿ, ದೇವರೇ, ಇವತ್ತೂ ಬೀಳಲಿ.

ಸರ್ವರ್ ಬೀಳಲಿಲ್ಲ.

*

ಮೆಮೊರಿಯನ್ನು ದೊಡ್ಡ ದೊಡ್ಡ ಕಟ್ಟುಗಳಾಗಿ ಕಾಯ್ದಿರಿಸುವ ಒಂದು ಸೌಲಭ್ಯವಿದೆ. ಬಸ್ಸಿನ ಸೀಟಿಗೆ ಕರವಸ್ತ್ರ ಹಾಕಿದ ಹಾಗೆ: ಕೂತವರ ಲೆಕ್ಕದಲ್ಲಿ ಬರದು, ಬೇರೆಯವರಿಗೂ ಸಿಗದು. ಅದನ್ನು ಯಾರು ಮುಟ್ಟಿದರೂ ಹೆಸರು ಸಿಗುವಂತೆ ಕಾವಲು ಹಾಕಿದೆ.

ಮರುಸಂಜೆ ಅಕ್ಕ ಮತ್ತೆ ಹೋಗೆಂದಳು. ನಾನು ಹೋದದ್ದು ಸಿ ಖಮೈಸ್ ಕೋಣೆಗೆ; ಉಳಿದಿರಿ ಎಂದು ಅವರಿಗೆ ಮೊದಲೇ ಹೇಳಿದ್ದೆ. ಉಪವಾಸ ಬಿಡುವ ಹೊತ್ತು ಸಾರುವ ತೋಪು ಹಾರಿತು. ಪರದೆಯಲ್ಲಿ ಹೆಸರು ಮೂಡಿತು. ಅವರು ಅದನ್ನು ಎರಡು ಸಲ ಓದಿ ಎದ್ದರು.

ಅಕ್ಕ ತನ್ನ ಮೇಜಿನ ಮುಂದಿದ್ದಳು. ಅವಳದೇ ಒಂದು ಪ್ರೋಗ್ರಾಂ ಓಡುತ್ತಿತ್ತು. ಬೇರೆ ಕಂಪನಿಯ ಸಂದರ್ಶನದಲ್ಲಿ ತೋರಿಸುವುದಕ್ಕಂತೆ. ಅಷ್ಟು ದೊಡ್ಡ ಮೆಷಿನ್ ತನಗೆ ಬೇರೆಲ್ಲೂ ಸಿಗದೆಂದಳು. ಈ ಹೊತ್ತಿನಲ್ಲಿ ವೈದ್ಯರೂ ಊಟಕ್ಕೆ ಕೂತಿರುತ್ತಾರೆಂದು ಭಾವಿಸಿದ್ದಳಂತೆ. ನಾವು ಮರಳುವಷ್ಟರಲ್ಲಿ ಕಾಯ್ದಿರಿಸಿದ್ದನ್ನು ಬಿಟ್ಟುಕೊಟ್ಟು ಸರ್ವರ್ ಎಬ್ಬಿಸುತ್ತಿದ್ದಳು. ಹಾಗಾಗಿ ಗುರುತೇ ಉಳಿಯುತ್ತಿರಲಿಲ್ಲ.

"ನನ್ನ ಮೇಲೆ ಯಾಕೆ ಹಾಕ್ದೆ, ಅಕ್ಕ?" ಎಂದು ಕೇಳಿದೆ.

ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ನೀನು ಜಗಳ ಆಡಲ್ಲ ಅಂತ ಗೊತ್ತಿತ್ತು ಕಣೇ."

ಸಿ ಖಮೈಸ್ ಅವಳ ಕಚೇರಿ ಕಾರ್ಡ್ ಕೇಳಿದರು. ಕೊಟ್ಟಳು. ನಂತರ, ನಾನಿನ್ನೂ ಉಪವಾಸ ಬಿಟ್ಟಿಲ್ಲವೆಂದು ನೆನಪಾಗಿರಬೇಕು, ಖರ್ಜೂರದ ಡಬ್ಬಿಯನ್ನು ನನ್ನತ್ತ ಸರಿಸಿದಳು.

ನಾನು ಡಬ್ಬಿ ಮುಟ್ಟದೆ, ನೀರು ಕುಡಿದು ಉಪವಾಸ ಬಿಟ್ಟೆ.