ತಮ್ಮಣ್ಣನವರ ಕಾರಿನ ಲಾಕ್

ಇದು ೨೦೦೧ರ ಏಪ್ರಿಲ್‌ನಲ್ಲಿ ಬೆಳಗಾವಿಯ ಶಿವಬಸವ ನಗರದ ಶಶಿಧರನಿಗೆ ಆದ ಅನುಭವ. ಕಾರುಗಳಿಗೆ ರಿಮೋಟ್ ಲಾಕ್ ಕೂರಿಸುವುದು ಅವನ ಕಸುಬು. ಆ ಕೆಲಸದಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂಬ ನಂಬಿಕೆ ಅವನಿಗಿತ್ತು.

ಖಾನಾಪುರ ತಾಲೂಕಿನ ಬೀಡಿ ಎಂಬ ಊರಿನಲ್ಲಿ ತಮ್ಮಣ್ಣ ಎಂಬುವರ ಕಾರಿನ ಲಾಕ್ ದಿನವೂ ಮಧ್ಯಾಹ್ನ ತಾನಾಗಿ ತೆರೆದುಕೊಳ್ಳುತ್ತಿತ್ತು. ಅವರು ಶಶಿಧರನನ್ನು ಕರೆಸಿದರು.

"ಯಾರೋ ನಿಮ್ಮ ರಿಮೋಟಿನ ಕೋಡ್ ಕದ್ದಾರ್ರಿ," ಎಂದು ಶಶಿಧರ ನಕ್ಕ. "ಹೊಸಾ ಲಾಕ್ ಹಾಕ್ತೀನಿ. ಒತ್ತಿದಾಗೊಮ್ಮೆ ಕೋಡ್ ಬದಲಾಗ್ತದ. ಅದನ್ನ ಕದಿಯಾಕ ಯಾರಿಂದಲೂ ಆಗೂದಿಲ್ಲ."

ಹೊಸ ಲಾಕಿಗೆ ಎರಡು ರಿಮೋಟ್. ಮೊದಲನೆಯದನ್ನು ಒತ್ತಿದರೆ ಡ್ಯಾಶ್‌ಬೋರ್ಡಿನ ದೀಪ ಒಮ್ಮೆ ಮಿಣುಕುತ್ತಿತ್ತು, ಎರಡನೆಯದಕ್ಕೆ ಎರಡು ಸಲ. ಶಶಿಧರ ಕಾರು ಲಾಕ್ ಮಾಡಿ, ಎರಡರ ಸೆಲ್ಲನ್ನೂ ತೆಗೆದು ಜೇಬಿಗೆ ಹಾಕಿಕೊಂಡು ಅಂಗಳದಲ್ಲಿ ಕಾದ.

ಹನ್ನೆರಡೂವರೆಗೆ ಲಾಕ್ ಟಕ್ಕೆಂದು ತೆರೆಯಿತು. ದೀಪ ಮೂರು ಸಲ ಮಿಣುಕಿತು.

ಬಾನೆಟ್ ಬಿಸಿಲಿಗೆ ಸುಡುತ್ತಿದ್ದರೂ ಗಾಜುಗಳ ಒಳಬದಿಯಲ್ಲಿ ಹನಿ ಕಟ್ಟಿತ್ತು. ಶಶಿಧರ ಬಾಗಿಲು ತೆಗೆದು ಹಿಂದಿನ ಸೀಟು ಮುಟ್ಟಿದ. ಬಾವಿನೀರಿನಷ್ಟು ತಣ್ಣಗಿತ್ತು. ಅವನ ಕೈಯ ಪಕ್ಕದಲ್ಲೇ, ಯಾರೋ ಕೂತಂತೆ, ಸೀಟು ಮೆಲ್ಲಗೆ ತಗ್ಗಿತು.

"ಈಚಿಗೆ ಬರ್ರಿ," ಎಂದರು ತಮ್ಮಣ್ಣ, ಸಮಾಧಾನದಿಂದಲೇ. "ಅರ್ಧಾ ತಾಸಿನ್ಯಾಗ ಮತ್ತ ಬಿಸಿ ಆಗ್ತದ."

ಶಶಿಧರ ಅಂದೇ ಲಾಕ್ ಬಿಚ್ಚಿ ಕಂಪನಿಗೆ ಕಳಿಸಿದ. ಮೂರನೇ ರಿಮೋಟ್ ಯಾರದೆಂದು ಕಂಡುಹಿಡಿದು, ಅದನ್ನು ಲಾಕಿನ ಮೆಮೊರಿಯಿಂದ ಅಳಿಸಿಕೊಡಿ ಎಂದು ಬರೆದ. ಹದಿನೈದು ದಿನಕ್ಕೆ ಉತ್ತರ ಬಂತು: ಆ ಲಾಕಿಗೆ ಎರಡಕ್ಕಿಂತ ಹೆಚ್ಚು ರಿಮೋಟ್ ಸೇರಿಸಲು ಬರುವುದೇ ಇಲ್ಲ.