ಹಗೇವಿಗೆ ಇಳಿಬಿಟ್ಟ ದೀಪ

"ನಮ್ಮೂರಿನ ನೀರು ಅಷ್ಟ್ ಸಿಹಿ ಏನ್ರಿ? ಇದು ಮೂರನೇ ತಂಬಿಗಿ," ಎಂದಳು ಮಲಕವ್ವ.

ಅಣ್ಣಾರಾಯ ತಂಬಿಗೆಯ ಅಂಚಿನ ಮೇಲಿಂದ ಅವಳನ್ನೇ ನೋಡಿದ. "ನೀರು ಸವಳ ಅದರಿ. ಕೊಡೋ ಕೈ ಚಲೋ ಅದ."

ಅವಳು ಮುಖ ತಿರುಗಿಸಿ ಸೆರಗಿನಲ್ಲೇ ನಕ್ಕಳು.

ಅವನು ಜತ್ತದ ಮಾಮಲೇದಾರ ಕಚೇರಿಯ ಕಾರಕೂನ. ದೀಪಾವಳಿಗೆ ಎಂಟು ದಿನ ಉಳಿದಿತ್ತು. ಪಟಾಕಿ ಅಂಗಡಿಯಲ್ಲಿ ಒಂದೇ ಪೆಟ್ಟಿಗೆ ಇರಬೇಕು, ಉಳಿದದ್ದು ಊರ ಹೊರಗಿನ ಕಲ್ಲುಕೋಣೆಯಲ್ಲಿರಬೇಕು ಎಂಬುದು ಆ ವರ್ಷದ ಹೊಸ ಕಾನೂನು. ಅದನ್ನು ತಪಾಸ ಮಾಡಲು ಅವನು ಕರಜಗಿಗೆ ಬಂದಿದ್ದ. ಅಂಗಡಿಯ ಮಾಲೀಕ, ಮಲಕವ್ವನ ಅಪ್ಪ ಗುರಪ್ಪ ವ್ಯಾಪಾರಕ್ಕೆ ಗುಡ್ಡಾಪುರಕ್ಕೆ ಹೋಗಿದ್ದ. ಹೋಗುವಾಗ, "ಯಾರ ಕೇಳಿದ್ರೂ ಹಗೇವಿನ್ಯಾಗ ಜ್ವಾಳ ಅನ್ನು. ಪರವಾನಗಿ ಹೋದ್ರ ಅಂಗಡೀನ ಹೋಗ್ತದ," ಎಂದು ಮಗಳಿಗೆ ಹೇಳಿದ್ದ.

ಅಂಗಡಿಯಲ್ಲಿ ಒಂದೇ ಪೆಟ್ಟಿಗೆ ಇತ್ತು. ಅಣ್ಣಾರಾಯನ ಕಣ್ಣು ಅಂಗಳದ ಮೂಲೆಗೆ ಹೋಯಿತು. ಅಲ್ಲಿದ್ದ ಹಗೇವಿನ, ಅಂದರೆ ನೆಲದೊಳಗಿನ ಕಣಜದ, ಬಾಯಿಗೆ ಮೆತ್ತಿದ ಮಣ್ಣು ಇನ್ನೂ ಹಸಿಯಾಗಿತ್ತು.

"ಒಳಗ ಏನೈತ್ರಿ?"

"ಜ್ವಾಳರಿ."

"ನೀವು ಅಂದ್ರ ನಂಬ್ತೀನಿ. ಆದ್ರ ಕಣ್ಣಿಲೆ ನೋಡೇ ಬರೀಬೇಕ್ರಿ."

ಮೇಲಿನಿಂದ ಇಣುಕಿ ಹೋಗುತ್ತಾನೆ ಎಂದುಕೊಂಡಳು. ಆದರೆ ಅವನು ದರಿಬಡಚಿಯ ಒಕ್ಕಲಿಗರ ಮಗ. ಹಗೇವಿಗೆ ಇಳಿಯುವ ಮೊದಲು ದೀಪ ಇಳಿಬಿಡಬೇಕು. ಅದು ಆರಿದರೆ ಒಳಗಿನ ಗಾಳಿ ಕೆಟ್ಟಿದೆ ಎಂದರ್ಥ. ಕಲ್ಲು ಸರಿಸಿ, ಗೂಡಿನಲ್ಲಿದ್ದ ಹಣತೆಯನ್ನು ಹಗ್ಗಕ್ಕೆ ಕಟ್ಟಿ, ಕಡ್ಡಿ ಗೀರಿ ಹಚ್ಚಿದ. ಹಣತೆ ತೂಗಾಡುತ್ತಾ ಕತ್ತಲೆಗೆ ಇಳಿಯಿತು. ಒಂದು ಗೇಣು. ಎರಡು ಗೇಣು.

ಮಲಕವ್ವ ಚೀರಿದಳು.

"ಜ್ವಾಳ ಅಲ್ರಿ! ಮದ್ದು!"

ಓಡಿಬಂದು ಹಗ್ಗ ಎಳೆದಳು. ಮೇಲೆ ಬಂದ ಹಣತೆಯ ಉರಿಯನ್ನು ಬರಿಗೈಯಲ್ಲೇ ಒತ್ತಿದಳು. ಅವಳ ಸುಟ್ಟ ಅಂಗೈ ಅಣ್ಣಾರಾಯನ ಎರಡೂ ಕೈಗಳಲ್ಲಿ ಎಷ್ಟು ಹೊತ್ತು ಇತ್ತೋ, ಇಬ್ಬರಿಗೂ ಗೊತ್ತಾಗಲಿಲ್ಲ.

"ನಾ ಬರೀಬೇಕಾಗ್ತದ," ಎಂದ, ಕೊನೆಗೆ.

"ಬರೀರಿ."

ಬರೆದ. ಪಟಾಕಿ ಮಾಲೆಲ್ಲ ಒದ್ದೆ ಗೋಣಿ ಹೊದ್ದು ಚಕ್ಕಡಿಯಲ್ಲಿ ಕಲ್ಲುಕೋಣೆಗೆ ಹೋಯಿತು. ಗುರಪ್ಪನ ಪರವಾನಗಿ ಒಂದು ವರ್ಷಕ್ಕೆ ರದ್ದಾಯಿತು. ಗುರಪ್ಪ ಬೆಲ್ಲ, ಕೊಬ್ಬರಿ ಮಾರುತ್ತಾ ಮಗಳೊಡನೆ ಮಾತು ಬಿಟ್ಟ.

ಯುಗಾದಿ ಕಳೆದ ಮೇಲೆ ಅಣ್ಣಾರಾಯ ಮತ್ತೆ ಬಂದ. ಕೈಯಲ್ಲಿ ಫೈಲು ಇರಲಿಲ್ಲ.

"ಈಗೇನ್ ತಪಾಸ ಮಾಡ್ತೀರಿ? ಬೆಲ್ಲಾನೂ ಸಿಡೀತದೇನು?" ಎಂದ ಗುರಪ್ಪ.

"ತಪಾಸಕ್ಕ ಬಂದಿಲ್ರಿ. ಮಲಕವ್ವನ್ನ ಕೇಳಾಕ ಬಂದೀನಿ."

ಗುರಪ್ಪನ ಕೈಯಿಂದ ತಕ್ಕಡಿ ಜಾರಿತು. "ಪರವಾನಗಿ ಕಸಕೊಂಡಾವಗ ಮಗಳನ್ನೂ ಕೊಡಬೇಕೇನು?"

ಒಳಬಾಗಿಲಲ್ಲಿ ಮಲಕವ್ವ ತಂಬಿಗೆ ಹಿಡಿದು ನಿಂತಿದ್ದಳು. ಅಂಗೈಯ ಕಲೆ ಇನ್ನೂ ಮಾಸಿರಲಿಲ್ಲ.

"ಅಪ್ಪಾ, ಅವತ್ತು ನಾ ಸುಮ್ಮನಿದ್ರ ಈ ಮನೀನ ಇರ್ತಿರಲಿಲ್ಲ," ಎಂದಳು. ಗುರಪ್ಪ ಅಂಗಳದ ಆ ಮೂಲೆಯನ್ನು ನೋಡಿದ. ಅವನ ಮುಖ ಬಿಳಿಚಿತು. ಅವಳ ದನಿ ಇಳಿಯಿತು. "ಆದ್ರ ಖರೇ ಹೇಳ್ತೀನಿ, ಹಗ್ಗ ಎಳಿಯುವಾಗ ನನಗ ಮನಿ ನೆನಪಾಗಲಿಲ್ಲ."

ಅವಳ ಕಣ್ಣು ಅಣ್ಣಾರಾಯನ ಮೇಲಿತ್ತು. ಗುರಪ್ಪ ಬಗ್ಗಿ ತಕ್ಕಡಿ ಎತ್ತಿಟ್ಟ.

"ಸಾಹೇಬ್ರಿಗೆ ನೀರು ಕೊಡವ್ವಾ," ಎಂದ.

ಆರು ತಿಂಗಳಲ್ಲಿ ಅವನು ಮಗಳಿಗೆ ಆಡಿದ ಮೊದಲ ಮಾತು ಅದು.