ಡ್ರಮ್ಮಿನಲ್ಲಿ ಕೆಮ್ಮಿದ ಮೋಟರ್

‘ದೋಣಿ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯಿದೆ. ಇಲ್ಲದಿದ್ದರೆ ಇವತ್ತಿನಿಂದ ಇರಲಿ. ಆದರೆ ಮುಂದಿನದು ನಿಜವಾಗಿಯೂ ನಡೆದದ್ದು, 2002ರಲ್ಲಿ, ಶಿವಾಜಿನಗರದ ಗುಜರಿ ಬೀದಿಯಲ್ಲಿ.

ರಾಮಮೂರ್ತಿನಗರದಲ್ಲಿ ನಾವು ಬಾಡಿಗೆಗಿದ್ದ ಮನೆಯ ಓನರ್ ಮಗ ಕೆಂಪರಾಜ್. ಅವರಪ್ಪ ಹರಾಜಿನಲ್ಲಿ ಕೊಂಡ ಹಳೇ ಹಾಯಿದೋಣಿ ಕಾಂಪೌಂಡಿನಲ್ಲಿ ಟಾರ್ಪಾಲ್ ಹೊದ್ದು ಮಲಗಿತ್ತು. ಅಪ್ಪ ತೀರಿಕೊಂಡ ಮೇಲೆ ಮಗನೂ ಆ ದೋಣಿಯ ಹಾಗೇ ಆದ. ಅಳಲಿಲ್ಲ, ನಗಲಿಲ್ಲ. ನಾನು ಮಿಮಿಕ್ರಿ ಮಾಡಿ ಅವರಮ್ಮನ ದನಿಯಲ್ಲಿ ಊಟಕ್ಕೆ ಕರೆದರೆ ಮೊದಲೆಲ್ಲ ಮೋಸಹೋಗಿ ಬೈಯುತ್ತಿದ್ದವನು, ಈಗ ಬಂದು, ಖಾಲಿ ಟೇಬಲ್ ನೋಡಿ, ಸುಮ್ಮನೆ ವಾಪಸ್ ಹೋಗುತ್ತಿದ್ದ.

ಒಂದು ಭಾನುವಾರ ಹೇಳಿದ, "ದೋಣಿ ಲಾರಿಗೆ ಹಾಕ್ಕೊಂಡು ಕಾರವಾರದ ಸಮುದ್ರಕ್ಕೆ ಹೋಗ್ಬಿಡ್ತೀನಿ. ಅಪ್ಪ ಹೋಗ್ಬೇಕು ಅಂತಿದ್ರು."

"ವಾಪಸ್ ಯಾವಾಗ?"

"ಗೊತ್ತಿಲ್ಲ. ಗಾಳಿ ನಿಂತ್ರೆ ದಡ ಸೇರೋಕೆ ಹಿಂದ್ಗಡೆ ಒಂದು ಮೋಟರ್ ಬೇಕು. ಆರಿಸೋಕೆ ಬರ್ತೀಯಾ ಸೃಷ್ಟಿ? ನಿನ್ ಕಿವಿ ಚೆನ್ನಾಗಿದೆ."

ಕಿವಿಯಂತೆ. ಬಹಳ ದಿನದಿಂದ ನನ್ನ ಕಣ್ಣು ಅವನ ಮೇಲೆ. ಅವನು ಹೊಗಳಿದ್ದು ಕಿವಿಯನ್ನು. ನನಗೆ ಏನಾದರೂ ಅನ್ನಿಸಬೇಕಿತ್ತು. ಹಲ್ಲು ಕೀಳಿಸಿಕೊಂಡ ದವಡೆಯ ಹಾಗೆ ಎದೆ ಮರಗಟ್ಟಿತ್ತು. "ಹೂಂ" ಎಂದೆ.

ಶಿವಾಜಿನಗರದ ಗುಜರಿ ಅಂಗಡಿಯ ಮಂಜೂರ್ ಭಾಯ್ ಸೆಕೆಂಡ್‌ಹ್ಯಾಂಡ್ ದೋಣಿ ಮೋಟರುಗಳನ್ನು ನೀರು ತುಂಬಿದ ಡ್ರಮ್ಮಿಗೆ ತಗುಲಿಸಿ ಓಡಿಸಿ ತೋರಿಸುತ್ತಿದ್ದರು. ಮೊದಲನೆಯದರ ಕಾಲು, ಅಂದರೆ ನೀರಿಗಿಳಿಯುವ ಫ್ಯಾನಿನ ದಂಡ, ಗಿಡ್ಡ. "ಅಲೆ ಬಂದ್ರೆ ಫ್ಯಾನು ಗಾಳೀಲಿ ತಿರುಗತ್ತೆ, ಬೇಡ," ಎಂದು ಅವರೇ ಬದಿಗಿಟ್ಟರು. ಎರಡನೆಯದು ಉದ್ದ ಕಾಲಿನದು. ಒಂದೇ ಎಳೆತಕ್ಕೆ ಹತ್ತಿಕೊಂಡಿತು. ಪಕ್ಕದ ತೂತಿನಿಂದ ನೀರು ಸಣ್ಣ ಧಾರೆಯಾಗಿ ಹಾರಿತು.

"ನೋಡಿ ಸಾಬ್, ನಾಡಿ ಕರೆಕ್ಟಾಗಿದೆ. ಏ-ಒನ್ ಮಾಲು."

ನಿಜಕ್ಕೂ ಏ-ಒನ್. ಅದಕ್ಕೇ ನಾನು ಡ್ರಮ್ಮಿನ ಹಿಂದೆ ಹೋಗಿ, ಕಿವಿಗೊಟ್ಟವಳಂತೆ ಬಗ್ಗಿ, ದುಪಟ್ಟಾ ಬಾಯಿಗೆ ಹಿಡಿದು, ಗಂಟಲಲ್ಲೇ ಶುರುಮಾಡಿದೆ: ಗುರ್ರ್... ಖುಳ್... ಖುಳ್...

"ಕೆಮ್ಮುತ್ತಲ್ಲ ಭಾಯ್," ಎಂದ ಕೆಂಪರಾಜ್.

"ಯಾ ಅಲ್ಲಾ, ಬೆಳಿಗ್ಗೆ ಚೆನ್ನಾಗಿತ್ತು."

ಪ್ಲಗ್ ಒರೆಸಿದರು. ಕೆಮ್ಮು. ಪೆಟ್ರೋಲ್ ಬದಲಿಸಿದರು. ಕೆಮ್ಮಿಗೆ ಉಬ್ಬಸವೂ ಸೇರಿತು. ಈ ಮೋಟರ್ ಬೇಡವಾದರೆ ಇವನು ಊರಲ್ಲೇ ಉಳಿಯುತ್ತಾನೆ. ಕಣ್ಣು ಮುಚ್ಚಿ, ಎರಡೂ ಕಿವಿಗೆ ಬೆರಳಿಟ್ಟು, ಜೀವ ಹೋಗುವ ಹಾಗೆ ಕೆಮ್ಮಿದೆ.

ಕಣ್ಣು ತೆರೆದಾಗ ಮೋಟರ್ ಬೆಂಚಿನ ಮೇಲೆ ನೀರು ತೊಟ್ಟಿಕ್ಕಿಸುತ್ತ ಮಲಗಿತ್ತು. ಯಾವಾಗ ಎತ್ತಿದ್ದರೋ. ಬರೀ ಡ್ರಮ್ಮು ಕೆಮ್ಮುತ್ತಿತ್ತು.

ಕೆಂಪರಾಜ್ ಬಗ್ಗಿ ನನ್ನನ್ನೇ ನೋಡಿದ. ಎಷ್ಟೋ ತಿಂಗಳ ಮೇಲೆ ಅವನ ಕಣ್ಣು ಒಂದು ಕಡೆ ನಿಂತಿತ್ತು.

"ಯಾಕೆ?"

"ಇದು ಸರಿಯಿದ್ರೆ ನೀನು ಹೊರಟೋಗ್ತೀಯ."

"ಹೋದ್ರೆ?"

"ನೀನಿಲ್ದೆ ನಂಗೆ ಇಲ್ಲಿ ಇರೋಕಾಗಲ್ಲ. ಇದು ಮಿಮಿಕ್ರಿ ಅಲ್ಲ ಕಣೋ, ನನ್ನದೇ ದನಿ."

ಅವನು ಬೆಂಚಿನ ಕಡೆ ತಿರುಗಿದ. "ಭಾಯ್, ಇಬ್ರು ಕೂತ್ರೆ ಎಳೆಯುತ್ತಾ ಇದು?"

"ಆರಾಮಾಗಿ ಎಳೆಯುತ್ತೆ ಸಾಬ್. ಆದ್ರೆ ಗ್ಯಾರಂಟಿ ಮೋಟರಿಗೆ ಮಾತ್ರ. ಈ ಕೆಮ್ಮಿಗೆ ನಾನು ಜವಾಬ್ದಾರಿ ಅಲ್ಲ."

ನಾನು ನಕ್ಕೆ. ಮಂಜೂರ್ ಭಾಯ್ ನಕ್ಕರು. ಕೆಂಪರಾಜ್ ಡ್ರಮ್ಮನ್ನೇ ತಬ್ಬಿಕೊಂಡು, ಅಂಗಿಯೆಲ್ಲ ನೀರು ಮಾಡಿಕೊಂಡು, ನಮ್ಮಿಬ್ಬರ ನಗುವೂ ಕೇಳದಷ್ಟು ಜೋರಾಗಿ ನಗುತ್ತಿದ್ದ.